ಮೆಟ್ಟಿಲು ಬಾವಿಯ ಕಲ್ಲು

ಬೇಸಿಗೆ ಬಂತೆಂದರೆ ಎಮ್ಮಿಗನೂರಿನ ಆಚೆಗಿರುವ ನಮ್ಮ ಸಣ್ಣ ಊರಿನಲ್ಲಿ ಅರ್ಧ ಓಣಿ ಕುಂಟುತ್ತಿತ್ತು. ಒಬ್ಬರಿಗೆ ಹಿಮ್ಮಡಿಯಲ್ಲಿ ನಾರುಹುಣ್ಣು, ಇನ್ನೊಬ್ಬರಿಗೆ ಮೊಣಕಾಲಲ್ಲಿ. ಹುಣ್ಣು ಒಡೆದು ನೂಲಿನಂಥ ಹುಳ ತಲೆ ಹೊರಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ಸುತ್ತಿ ಎಳೆಯುತ್ತ ಕೂತರೆ ಬಿತ್ತನೆಯ ಹದವೇ ತಪ್ಪಿಹೋಗುತ್ತದೆ. ದೇವಿಯ ಸಿಟ್ಟು ಎನ್ನುವವರು ಕೆಲವರು, ಹಣೆಬರಹ ಎನ್ನುವವರು ಉಳಿದವರು. ಕುಡಿಯುವ ನೀರಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬಂದಿರಲಿಲ್ಲ.

ಓಣಿಯ ಕೊನೆಯ ಮನೆ ಹೊಳೆಮ್ಮನದು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಒಬ್ಬಳಿಗೆ ಎಷ್ಟು ನೀರು ಬೇಕು? ಆದರೂ ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಕೊಡ ಹಿಡಿದು ಬಾವಿಗೆ ಬರುತ್ತಲೇ ಇದ್ದಳು. ಅದು ಮೆಟ್ಟಿಲು ಬಾವಿ. ಹೆಂಗಸರು ಕೆಳಗಿನ ಮೆಟ್ಟಿಲ ಮೇಲೆ ಕೂತು, ನೀರಿಗೆ ಕಾಲು ಬಿಟ್ಟು, ಕೊಡ ತಿಕ್ಕುತ್ತ ಮಾತಾಡುವುದು ವಾಡಿಕೆ.

“ಹೊಳೆಮ್ಮ ನೀರಿಗೆ ಬರಂಗಿಲ್ಲ, ಮಾತಿಗೆ ಬರ್ತಾಳ” ಎಂದು ಪಕ್ಕದ ಮನೆಯ ದ್ಯಾಮಕ್ಕ ನಗೆಯಾಡುತ್ತಿದ್ದಳು. ಅದು ನಿಜವೇ. ಮನೆಗೆ ಹೋದರೆ ಹೊಳೆಮ್ಮನ ಜೊತೆ ಮಾತಾಡಲು ಒಂದು ಬೆಕ್ಕೂ ಇರಲಿಲ್ಲ. ಆ ವರ್ಷ ಅವಳ ಕಾಲಿಗೂ ಹುಣ್ಣು ಎದ್ದಿತ್ತು. ನೀರಿಗಿಳಿಸಿದರೆ ಉರಿ ತಣ್ಣಗಾಗುತ್ತಿತ್ತು.

ಆಗ ಹೊಸಪೇಟೆಯಿಂದ ಆರೋಗ್ಯದ ಇನ್ಸ್‌ಪೆಕ್ಟರ್ ವ್ಯಾಸರಾಯರು ಬಂದರು. ಚಾವಡಿಯಲ್ಲಿ ಗಂಡಸರನ್ನು ಕೂರಿಸಿಕೊಂಡು, ರೋಗದ ಬೇರು ಬಾವಿಯಲ್ಲೇ ಇದೆ ಎಂದರು. ಮೆಟ್ಟಿಲು ಕಿತ್ತು, ಸುತ್ತ ಗೋಡೆ ಎಬ್ಬಿಸಿ, ಮೇಲಿಂದ ಹಗ್ಗ ಬಿಟ್ಟು ಸೇದುವ ಬಾವಿ ಮಾಡಿಕೊಳ್ಳಿ. ಗಾರೆ, ರಾಟೆ ನಾವು ತರಿಸುತ್ತೇವೆ, ದುಡಿಮೆ ನಿಮ್ಮದು ಎಂದರು. ಊರ ಗೌಡ ಉಜ್ಜಿನಪ್ಪ ಒಪ್ಪಿಕೊಂಡ.

ಸಂಜೆ ತಳವಾರ ಅಂದಾನಪ್ಪ, ಬಾವಿಯ ಮೆಟ್ಟಿಲು ಕೀಳಲು ಮನೆಗೊಂದು ಗಂಡಾಳು ಬರಬೇಕೆಂದು ಬಾಗಿಲು ಬಾಗಿಲಿಗೆ ಕೂಗುತ್ತ ಬಂದ. ದ್ಯಾಮಕ್ಕನ ಬಾಗಿಲಲ್ಲಿ ಕೂಗಿ ಹಿಂದಿರುಗಿದ. ಗಂಡಸಿಲ್ಲದ ಮನೆಯ ಮುಂದೆ ಕೂಗುವ ಪದ್ಧತಿ ನಮ್ಮಲ್ಲಿಲ್ಲ. ಕತ್ತಲ ಮನೆಯೊಳಗೆ ಕೂತಿದ್ದ ಹೊಳೆಮ್ಮ ಅವನ ದನಿ ದೂರವಾಗುವುದನ್ನು ಕೇಳಿದಳು. ಬಾವಿಯೂ ಹೋಯಿತು ಅಂದುಕೊಂಡಳು.

ಮರುದಿನ ಆಳುಗಳು ಹಾರೆ ಹಿಡಿದು ಬಂದರೆ, ಹೊಳೆಮ್ಮ ಕೊನೆಯ ಮೆಟ್ಟಿಲ ಮೇಲೆ ನೀರಿಗೆ ಕಾಲು ಬಿಟ್ಟು ಕೂತಿದ್ದಾಳೆ. ಉಜ್ಜಿನಪ್ಪ ಗದರಿಸಿದ, ದ್ಯಾಮಕ್ಕ ಪುಸಲಾಯಿಸಿದಳು. ಆಕೆ ಜಪ್ಪಯ್ಯ ಅಂದರೂ ಏಳಲಿಲ್ಲ. ವ್ಯಾಸರಾಯರು ಕೆಳಗಿಳಿದು ಬಂದು ಅವಳ ಮೇಲಿನ ಮೆಟ್ಟಿಲಲ್ಲಿ ಕೂತರು.

“ಯಾಕವ್ವ, ಏನು ನಿಮ್ಮ ತಕರಾರು?”

“ನಮ್ಮತ್ತಿ ಕಾಲದಿಂದ ಕುಡಿಯೋದು ಇದ ನೀರು. ಈಗ ಕೆಟ್ಟೈತೇನ್ರಿ?”

ರಾಯರು ನಿಧಾನವಾಗಿ ತಿಳಿಸಿದರು. ಹುಣ್ಣಿನ ಕಾಲು ನೀರಿಗಿಟ್ಟರೆ ಹುಳ ಅದರಲ್ಲಿ ಮರಿ ಬಿಡುತ್ತದೆ. ಆ ನೀರು ಕುಡಿದವರ ಮೈಯಲ್ಲಿ ಅದು ಬೆಳೆದು, ಮುಂದಿನ ವರ್ಷ ಹುಣ್ಣಾಗಿ ಹೊರಬೀಳುತ್ತದೆ.

“ನಿಮ್ಮ ಕಾಲಿನ ನೋವು ಬರೋ ವರ್ಷ ಈ ದ್ಯಾಮಕ್ಕಗ ಬರ್ತದವ್ವ.”

ಹೊಳೆಮ್ಮ ತಟ್ಟನೆ ಕಾಲು ಮೇಲೆಳೆದುಕೊಂಡಳು. ದ್ಯಾಮಕ್ಕನ ಮುಖ ನೋಡಿದಳು. ಕಣ್ಣು ತುಂಬಿ ಬಂತು.

“ನನಗ ಗೊತ್ತಿದ್ದಿಲ್ರಿ” ಎಂದಳು. “ಆದ್ರ ಮೆಟ್ಟಲ ಹೋದ್ರ ಎಲ್ಲಾರೂ ನಿಂತ ಕಾಲಾಗ ಸೇದಿಕೊಂಡು ಹೊಂಟುಹೋಗ್ತಾರ. ಕುಂದರೋರು ಯಾರು? ನಾ ಯಾರ ಕೂಡ ಮಾತಾಡ್ಲಿ?”

 ಆಳುಗಳು ಹಾರೆ ಕೆಳಗಿಟ್ಟರು. ಹೊಳೆಮ್ಮ ತಾನು ಕೂತ ಮೆಟ್ಟಿಲ ಮೇಲೆ ಕೈಯಿಟ್ಟು ಕೇಳಿದಳು:

“ಈ ಕಲ್ಲು ಏನ್ ಮಾಡ್ತೀರಿ?”

ಹಳ್ಳದ ದಾರಿಗೆ ಹಾಕುವುದೆಂದು ಉಜ್ಜಿನಪ್ಪ ಹೇಳಿದ.

“ಬ್ಯಾಡ್ರಿ ಗೌಡ್ರ. ಗೋಡೆ ಹೊರಗ ಈ ಕಲ್ಲಿಲೆ ಒಂದು ಕಟ್ಟಿ ಕಟ್ರಿ. ಹೆಣ್ಣುಮಕ್ಕಳು ಕುಂದರ್ತೀವಿ. ಮಣ್ಣು ನಾವ ಹೊರ್ತೀವಿ.”

ಚಾವಡಿಯಲ್ಲಿ ಕೂತ ಅಷ್ಟೂ ಗಂಡಸರಿಗೆ ಹೊಳೆಯದ ಮಾತು ಅದು. ನೀರಿಗೆ ದಿನಾ ಬರುವವರನ್ನು ಅವರು ಕೇಳಿದ್ದರೆ ತಾನೇ!

ಮರುದಿನ ಬೆಳಕು ಹರಿಯುವಾಗ ಅಂದಾನಪ್ಪ ದ್ಯಾಮಕ್ಕನ ಬಾಗಿಲು ದಾಟಿ ಮುಂದೆ ಬಂದ.

“ಹೊಳೆಮ್ಮ, ಬುಟ್ಟಿ ತಗೊಂಡು ಬರ್ರಿ. ನಿಮ್ಮ ದಾರಿ ನೋಡಾಕ ಹತ್ಯಾರ.”

ಗಂಡ ಸತ್ತ ಮೇಲೆ ಆ ಬಾಗಿಲಲ್ಲಿ ಅವಳ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ. ಹೊಳೆಮ್ಮ ಬುಟ್ಟಿ ಹುಡುಕುವ ನೆಪದಲ್ಲಿ ಒಳಗೆ ಸ್ವಲ್ಪ ಹೊತ್ತು ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು.

ಬಾವಿಯಾಯಿತು, ಕಟ್ಟೆಯೂ ಆಯಿತು. ಮೊದಲು ಕುಡಿದ ನೀರಿನ ಫಲ ಮುಂದಿನ ಬೇಸಿಗೆಯಲ್ಲೂ ಕೆಲವರನ್ನು ಕುಂಟಿಸಿತು. ಅದರ ಮುಂದಿನ ಬೇಸಿಗೆಗೆ ಓಣಿಯಲ್ಲಿ ಕಡ್ಡಿ ಸುತ್ತುವವರೇ ಇಲ್ಲ. ಮನೆಗೆ ಹೋದರೆ ಹೊಳೆಮ್ಮ ಈಗಲೂ ಒಬ್ಬಳೇ. ಆದರೆ ಒಂದು ದಿನ ಅವಳು ಕಟ್ಟೆಗೆ ಬಾರದಿದ್ದರೆ ದ್ಯಾಮಕ್ಕ ಕೊಡ ಅಲ್ಲೇ ಇಟ್ಟು ಕೊನೆಯ ಮನೆಯತ್ತ ನಡೆಯುತ್ತಾಳೆ.

ಅವ್ವಂದಿರೇ, ಅಣ್ಣಂದಿರೇ, ಕುಡಿಯುವ ನೀರನ್ನು ಮಡಿಚಿದ ಬಟ್ಟೆಯಲ್ಲಿ ಸೋಸಿ ಕುಡಿಯಿರಿ. ಹುಣ್ಣಿದ್ದವರು ಬಾವಿಗೆ ಇಳಿಯಬೇಡಿ. ಮೆಟ್ಟಿಲು ಬಾವಿ ಇದ್ದರೆ ಊರವರೆಲ್ಲ ಸೇರಿ ಸೇದುವ ಬಾವಿ ಮಾಡಿಕೊಳ್ಳಿ. ಹಾರೆ ಎತ್ತುವ ಮೊದಲು ಮಾತ್ರ ಒಮ್ಮೆ ನೋಡಿ: ನಿಮ್ಮ ಊರಿನ ಕೂಗು ಯಾರ ಬಾಗಿಲಿಗೆ ಬಂದು ಹಿಂದಿರುಗಿತು? ಅಲ್ಲಿಂದ ಇನ್ನೂ ಒಂದು ಮನೆಯಷ್ಟು ಮುಂದೆ ಹೋಗಿ ಕರೆಯಿರಿ.