ಒಂಬತ್ತು ಮಿಲಿಮೀಟರ್

ಗೂಟದಲ್ಲಿ ತೂಗುತ್ತಿದ್ದ ಮಾವನ ಅಂಗಿಯ ಜೇಬಿನೊಳಗೆ ಸೊಸೆಯ ಕೈ ಇಳಿದಿತ್ತು. ಅಷ್ಟರಲ್ಲಿ ನಾದಿನಿ ಬಾಗಿಲಿಗೆ ಬಂದು ನಿಂತಳು.

"ಏನು ಹುಡುಕ್ತಿದೀರ ಅತ್ತಿಗೆ?"

"ಕನ್ನಡಕ," ಎಂದಳು. ಬಾಯಿಗೆ ಸಿಕ್ಕ ಮೊದಲ ಸುಳ್ಳು. ಕನ್ನಡಕವೋ ಕಿಟಕಿಯ ಮೇಲೆ, ಹೋಗುವ ಬರುವವರಿಗೆಲ್ಲ ಕಾಣುವ ಹಾಗೆ ಕೂತಿತ್ತು. ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ ನಾದಿನಿಗೆ ಅದು ಕಾಣಲಿಲ್ಲ. ಅವಳು ಮಂಚದ ಅಂಚಿಗೆ ಕುಸಿದು ಕೂತಳು.

"ಹೋದ ವರ್ಷ ಅಪ್ಪಂಗೆ ಎದೆನೋವು ಬಂದಾಗ ನಾನೇ ಫೋನಲ್ಲಿ ಸೆಟ್ ಮಾಡಿಕೊಟ್ಟಿದ್ದೆ. ಬಲಗಡೆ ಬಟನ್ ಐದು ಸಲ ಒತ್ತಿದ್ರೆ ಸಾಕು, ನಮ್ಮೆಲ್ಲರಿಗೂ ಕರೆ ಬರತ್ತೆ ಅಂತ. ನಿನ್ನೆ ಬರಲೇ ಇಲ್ಲ. ಅಪ್ಪ ಯಾಕೆ ಒತ್ತಲಿಲ್ಲ?"

ಸೊಸೆ ಜೇಬಿನಿಂದ ಕೈ ತೆಗೆದಳು. ಒತ್ತಿರಬಹುದು. ಐದಲ್ಲ, ಐವತ್ತು ಸಲ ಒತ್ತಿರಬಹುದು. ಆದರೆ ಅವರ ಬೆರಳಿಗೆ ಸಿಕ್ಕಿದ್ದು ಬಟನ್ ಅಲ್ಲ, ಪ್ಲಾಸ್ಟಿಕ್ಕಿನ ಗೋಡೆ. ಆ ಗೋಡೆ ಕಟ್ಟಿದವಳು ಅವಳೇ.

ತಾನು ಮಾಡಿಕೊಟ್ಟಿದ್ದ ಆ ಫೋನ್ ಕವರು ಬೇರೆ ಯಾರ ಕಣ್ಣಿಗಾದರೂ ಬೀಳುವ ಮೊದಲು ಅವಳಿಗೆ ಸಿಗಬೇಕಿತ್ತು. ಸಿಕ್ಕರೆ ಏನು ಮಾಡುತ್ತಾಳೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

*

ಮಾವನ ಕೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು. ನಲವತ್ತು ವರ್ಷ ಪ್ಲಾಸ್ಟಿಕ್ ಸಾಮಾನಿಗೆ ಉಕ್ಕಿನ ಅಚ್ಚು ಕೆತ್ತಿದ ಕೈ ಅದು. ಬಾಟಲಿ ಮುಚ್ಚಳ, ಬಕೆಟ್ಟಿನ ಹಿಡಿ, ಹಲ್ಲುಜ್ಜುವ ಬ್ರಷ್ಷು, ಹೀಗೆ ಊರೆಲ್ಲ ದಿನಬೆಳಗಾದರೆ ಮುಟ್ಟುವ ವಸ್ತುಗಳು ಅವರ ಅಚ್ಚಿನಿಂದ ಉದುರಿದ್ದವು. ಈಗ ಅದೇ ಕೈಯಲ್ಲಿ ಫೋನ್ ನಿಲ್ಲುತ್ತಿರಲಿಲ್ಲ.

"ನಿನ್ನ ಕಂಪ್ಯೂಟರಲ್ಲಿ ಏನಾದ್ರೂ ಮಾಡಕ್ಕಾಗತ್ತಾ ನೋಡಮ್ಮ. ಇಲ್ಲಾಂದ್ರೆ ಕೊರಳಿಗೆ ಕಟ್ಕೋತೀನಿ, ಗಂಟೆ ಥರ," ಎಂದಿದ್ದರು.

ಅವಳು ಕಂಪ್ಯೂಟರಿನಲ್ಲಿ ಕ್ಯಾಡ್ ನಕ್ಷೆ ಬರೆಯುವವಳು. ಅದೇ ಫೋನಿನ ಕವರಿನ ಮಾದರಿಯೊಂದನ್ನು ಅಂತರ್ಜಾಲದಿಂದ ಇಳಿಸಿಕೊಂಡು ತನ್ನ ಸಾಫ್ಟ್‌ವೇರಿನಲ್ಲಿ ತೆರೆದಳು. ಬೇರೆಯವರು ಮಾಡಿದ ಮಾದರಿ ಹಾಗೆ ಬಂದು ಕೂತಾಗ ಬರೀ ಮುದ್ದೆ. ಎಲ್ಲಿ ಮೊದಲು ಕೊರೆದರು, ಯಾವ ಅಳತೆ ಇಟ್ಟರು, ಒಂದಕ್ಕೂ ಗುರುತಿರುವುದಿಲ್ಲ. ಪಕ್ಕದ ಗೋಡೆ ಹಿಡಿದು ಎಳೆದರೆ ದಪ್ಪವಾಗಲು ಒಪ್ಪಲಿಲ್ಲ, ದುಂಡಗಿನ ಅಂಚು ಅಡ್ಡ ಬಂತು. ಕೊನೆಗೆ ಎರಡೂ ಬದಿಯ ಬಟನ್ ಕಿಂಡಿಗಳನ್ನು ಮುಚ್ಚಿ, ಗೋಡೆಗೆ ನಾಲ್ಕು ಮಿಲಿಮೀಟರ್ ದಪ್ಪ ಕೂಡಿಸಿ, ಹಿಡಿತಕ್ಕೆ ಗೀರು ಹಾಕಿ, ಕಿಂಡಿಗಳನ್ನು ಹೊಸದಾಗಿ ಕೊರೆದಳು.

ಎಡಗಡೆಯದನ್ನು ಮೇಲಿನ ಅಂಚಿನಿಂದ ಅಳೆದಳು. ಆಗ ಯಾರೋ ಕರೆದರು, ಎದ್ದು ಹೋಗಿ ಬಂದಳು. ಬಲಗಡೆಯದನ್ನು ಅಳೆದದ್ದು ಅಂಚಿನಿಂದ ಅಲ್ಲ, ಮೂಲೆಯ ತಿರುವು ಮುಗಿಯುವಲ್ಲಿಂದ. ಕಿಂಡಿ ಒಂಬತ್ತು ಮಿಲಿಮೀಟರ್ ಕೆಳಗೆ ಜಾರಿತು.

ಕವರು ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಾಗಿ ಮೂಡಿ ಬಂದಾಗ ಮಾವ ಫೋನ್ ತೂರಿಸಿ, ಬಿಗಿಯಾಗಿ ಹಿಡಿದು, ಮಗುವಿನಂತೆ ಅಲ್ಲಾಡಿಸಿ ನಕ್ಕಿದ್ದರು. ಪರದೆ ಮುಟ್ಟಿದರೆ ಬೆಳಗುತ್ತಿತ್ತು. ಬಲಗಡೆ ಬಟನ್ ಒತ್ತಿ ನೋಡಬೇಕೆಂದು ಅವಳಿಗೆ ಹೊಳೆಯಲಿಲ್ಲ.

ಹೊಳೆದದ್ದು ಆರು ದಿನದ ಮೇಲೆ, ಬೇರೇನೋ ಕೆಲಸಕ್ಕೆ ಆ ಫೈಲ್ ತೆರೆದಾಗ. ಬಲಗಡೆ ಅಳತೆ ತಪ್ಪಿರುವುದು ಕಣ್ಣಿಗೆ ಬಿತ್ತು. ಇವತ್ತೇ ಹೇಳಬೇಕು ಎಂದುಕೊಂಡು ಮನೆಗೆ ಬಂದಳು. ಮಾವ ಯಾರಿಗೋ ಕವರು ತೋರಿಸುತ್ತ, "ನನ್ನ ಸೊಸೆ ಮಾಡಿದ್ದು, ನಮ್ಮ ಕಾಲದಲ್ಲಾಗಿದ್ರೆ ಒಂದು ತಿಂಗಳು ಹಿಡೀತಿತ್ತು," ಎನ್ನುತ್ತಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡಳು. ಹಾಗೆ ಮೂರು ನಾಳೆ ಕಳೆದವು. ನಾಲ್ಕನೆಯದು ನಿನ್ನೆ.

*

ನಡುಮನೆಯಲ್ಲಿ ಮಾವನನ್ನು ಮಲಗಿಸಿದ್ದರು. ಗದ್ದದವರೆಗೂ ಬಿಳಿ ಬಟ್ಟೆ. ತಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದವರು ಅವರ ಜೊತೆ ದುಡಿದ ಪಾಲಿಶ್ ಅಣ್ಣ. ಮಾವ ಕೆತ್ತಿದ ಅಚ್ಚುಗಳನ್ನು ಕನ್ನಡಿಯಾಗುವವರೆಗೆ ತಿಕ್ಕುತ್ತಿದ್ದವರು.

"ಮದುವೆ ಉಂಗುರ ತಂದಾಗಲೂ ಕ್ಯಾಲಿಪರ್ ಹಿಡಿದು ಅಳೆದು ನೋಡ್ದೋನು ಇವನು," ಎಂದರು. ಒಂದಿಬ್ಬರು ನಕ್ಕರು. "ಆದ್ರೆ ಒಬ್ಬರ ತಪ್ಪನ್ನ ಇನ್ನೊಬ್ಬರ ಮುಂದೆ ಎತ್ತಿ ಆಡ್ದೋನಲ್ಲ. ನಮ್ಮ ಶಾಪಲ್ಲಿ ಅದೇ ರೂಢಿ. ಕೆಡಿಸ್ದೋನೇ ಬಂದು ಬಾಯ್ಬಿಟ್ಟು ಹೇಳ್ಬೇಕು. ಅಲ್ಲೀವರೆಗೂ ಯಾರೂ ತುಟಿ ಪಿಟಕ್ಕನ್ನಂಗಿಲ್ಲ."

ಸೊಸೆ ಗೋಡೆಗೆ ಒರಗಿದಳು.

ಆಗ ಅವಳ ಗಂಡ ಒಳಗಿನಿಂದ ಬಂದ. ಕೈಯಲ್ಲಿ ಮಾವನ ಫೋನ್. ಬರಿಯ ಫೋನ್, ಕವರಿಲ್ಲ.

"ಬೀರುವಿನಲ್ಲಿಟ್ಟಿದ್ದೆ. ಇದರಲ್ಲಿ ಅಪ್ಪನ ಒಳ್ಳೆ ಫೋಟೋ ಇದ್ರೆ ನೋಡು," ಎಂದು ತಂಗಿಗೆ ಕೊಟ್ಟ.

"ಕವರ್ ಎಲ್ಲಿ?" ಸೊಸೆಯ ದನಿ ಅವಳಿಗೇ ಗುರುತು ಸಿಗಲಿಲ್ಲ.

"ನಾನು ತೆಗೀಲಿಲ್ಲ. ಹಿತ್ತಲ ಕೋಣೆಯ ಕಿಟಕಿಮೇಲೆ ಹೀಗೇ ಇತ್ತು. ಅಪ್ಪ ಬಿದ್ದಿದ್ದು ಈಚೆಗೆ, ಮೇಜಿನ ಹತ್ರ." ಅವನು ಮುಖ ತಿರುಗಿಸಿದ. "ಡಾಕ್ಟರನ್ನ ಕೇಳಿದ್ದಕ್ಕೆ ಗಟ್ಟಿಯಾಗಿ ಹೇಳಕ್ಕಾಗಲ್ಲ ಅಂದ್ರು. ತಕ್ಷಣ ಹೋಗಿರಬಹುದು, ಸ್ವಲ್ಪ ಹೊತ್ತು ಇದ್ದಿರಲೂಬಹುದು."

ಅತ್ತೆ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಸೊಸೆ ಹೋಗಿ ಅವರ ಮುಂದೆ ಮಂಡಿಯೂರಿದಳು.

"ಅತ್ತೆ, ಮಾವ ನಿನ್ನೆ ಹಿತ್ತಲ ಕೋಣೆಗೆ ಯಾಕೆ ಹೋಗಿದ್ರು? ಎರಡು ವರ್ಷದಿಂದ ಆ ಹತಾರದ ಕೋಣೆ ಬಾಗಿಲೇ ತೆಗೆದಿರಲಿಲ್ಲ."

ಅತ್ತೆ ಕಣ್ಣು ತೆರೆದರು. ಅವಳಿಗಷ್ಟೇ ಕೇಳುವ ಹಾಗೆ ದನಿ ತಗ್ಗಿಸಿದರು.

"ಕವರ್ ತಂದ ದಿನಾನೇ ಅವರಿಗೆ ಗೊತ್ತಾಯ್ತು ಕಣಮ್ಮ. ಬಟನ್ ಸಿಗ್ತಿಲ್ಲ ಅಂತ ನನಗೆ ತೋರಿಸಿದ್ರು. ಹೇಳಿ ಅವಳಿಗೆ, ಅಂದೆ. 'ಅವಳೇ ಹೇಳ್ತಾಳೆ, ಕಾಯೋಣ' ಅಂದ್ರು. ನಾಲ್ಕು ದಿನದಿಂದ ನೀನು ಊಟ ಸರಿಯಾಗಿ ಮಾಡ್ತಿರಲಿಲ್ಲ. ನಿನ್ನೆ ಬೆಳಿಗ್ಗೆ ನೀನು ಕೆಲಸಕ್ಕೆ ಹೋದ್ಮೇಲೆ ಅಂದ್ರು, 'ಪಾಪ, ಹೆದರಿ ಸಾಯ್ತಿದೆ ಮಗು. ಸಾಕು, ನಾನೇ ಉಜ್ಜಿ ಸರಿಮಾಡಿ ಸುಮ್ನಿದ್ದುಬಿಡ್ತೀನಿ.' ನಾನು ಔಷಧಿ ತರಕ್ಕೆ ಹೋದೆ."

*

ಹಿತ್ತಲ ಕೋಣೆಯಲ್ಲಿ ಎಣ್ಣೆಯ ವಾಸನೆ ಇನ್ನೂ ಇತ್ತು. ಮೇಜಿಗೆ ಬಿಗಿದ ವೈಸಿನ, ಆ ಕಬ್ಬಿಣದ ಹಿಡಿಕೆಯ, ಬಾಯಲ್ಲಿ ಕವರು ನಿಂತಿತ್ತು. ಗೀರು ಬೀಳದಿರಲೆಂದು ಎರಡೂ ಬದಿಗೆ ಹಳೆಯ ಟವೆಲ್ ಮಡಚಿ ಕೊಟ್ಟಿದ್ದರು. ಕಿಂಡಿ ಎಲ್ಲಿಯವರೆಗೆ ಬರಬೇಕೋ ಅಲ್ಲಿಗೆ ಪೆನ್ಸಿಲ್ ಗೆರೆ. ನಡುಗುವ ಕೈಯದೇ ಹೌದು, ಗೆರೆ ಸೊಟ್ಟಗಿತ್ತು. ಉಜ್ಜಿದ ಭಾಗ ಮಾತ್ರ ನೆಟ್ಟಗೆ, ನಯವಾಗಿ ಅರ್ಧ ದಾರಿ ಬಂದು ನಿಂತಿತ್ತು. ನೆಲದ ಮೇಲೆ ಅರ ಬಿದ್ದಿತ್ತು.

ಅವಳು ವೈಸು ಸಡಿಲಿಸಿದಳು. ಕವರು ಇಷ್ಟೇ ಇಷ್ಟು, ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಒಲೆಗೆ ಹಾಕಿದರೆ ಕೇಳುವವರಿಲ್ಲ. ಅತ್ತೆ ಎಂದಿಗೂ ಬಾಯಿಬಿಡುವವರಲ್ಲ. ಆ ಯೋಚನೆ ಬಂದದ್ದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ನಡುಮನೆಯಲ್ಲಿ, ಸ್ಮಶಾನಕ್ಕೆ ಒಯ್ಯುವ ಗಾಡಿ ಬಂತೆಂದು ಎಲ್ಲರೂ ಎದ್ದಿದ್ದರು. ಅವಳು ಕವರು ಕೈಯಲ್ಲಿ ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಮಾವನ ಪಕ್ಕ ನಿಂತಳು.

"ಮಾವ, ಬಲಗಡೆ ಕಿಂಡಿ ತಪ್ಪು ಜಾಗದಲ್ಲಿದೆ. ನಾನು ಅಂಚಿನಿಂದ ಅಳೀಲಿಲ್ಲ. ಬಟನ್ ಒತ್ತಕ್ಕಾಗಲ್ಲ. ಗೊತ್ತಾಗಿ ಐದು ದಿನ ಆಯ್ತು. ಹೇಳಲಿಲ್ಲ."

ಗಂಡ ಅವಳನ್ನೇ ನೋಡುತ್ತ ನಿಂತ.

"ಎಷ್ಟು ತಪ್ಪಿದೆ?" ಎಂದರು ಪಾಲಿಶ್ ಅಣ್ಣ, ಶಾಪಿನಲ್ಲಿ ಕೇಳುವ ಹಾಗೆ.

"ಒಂಬತ್ತು ಮಿಲಿಮೀಟರ್."

ನಾದಿನಿ ಹತ್ತಿರ ಬಂದು ಅವಳ ಕೈಯಿಂದ ಕವರು ಕಿತ್ತುಕೊಂಡಳು. ಅಪ್ಪನ ಫೋನನ್ನು ಅದರೊಳಗೆ ತೂರಿಸಿದಳು. ಅರ್ಧ ಉಜ್ಜಿದ ಕಿಂಡಿಯೊಳಗೆ ಹೆಬ್ಬೆರಳಿಟ್ಟು, ಅಪ್ಪನಿಗೆ ತಾನೇ ಹೇಳಿಕೊಟ್ಟಿದ್ದ ಹಾಗೆ ಒತ್ತತೊಡಗಿದಳು. ಒಂದು. ಎರಡು. ಮೂರು.