ಕೆಳಸಾಲಿನ ಡಬ್ಬಿಗಳು

"ಮೆಲ್ಲಗೆ, ಮೆಲ್ಲಗೆ! ಬಾಗಿಲಿಗೆ ತಾಗತ್ತೆ," ಎನ್ನುತ್ತಾ ತೀರಿಕೊಂಡವರ ಮೈದುನ ಮಂಚದ ಒಂದು ತುದಿಯನ್ನು ಎತ್ತಿದ. ಆಸ್ಪತ್ರೆಯಿಂದ ದೇಹ ಬರುವಷ್ಟರಲ್ಲಿ ನಡುಮನೆಯಲ್ಲಿ ಜಾಗ ಮಾಡಬೇಕಿತ್ತು. ಮಂಚ ಗೋಡೆ ಬಿಟ್ಟು ಸರಿದದ್ದೇ ತಡ, ಅದರಡಿಯಿಂದ ಹುಳಿತ ವಾಸನೆಯೊಂದು ಎದ್ದಿತು.

"ಥೂ, ಇಲಿ ಸತ್ತಿರಬೇಕು."

"ಇಲಿ ಅಲ್ಲ ಕಣೋ, ನಿಮ್ಮ ಭಾವಂದು," ಎಂದರು ಅವನ ಅಕ್ಕ. "ಆಫೀಸಿನ ಕೆಲಸ ಅಂತಿದ್ರು. ಗುಡಿಸೋಕೂ ಬಿಡ್ತಿರಲಿಲ್ಲ."

ನಾಲ್ಕು ಪ್ಲಾಸ್ಟಿಕ್ ಬಕೆಟ್‌ಗಳಿದ್ದವು. ಒಂದೊಂದರಲ್ಲೂ ಒದ್ದೆ ಕಾಗದದ ಸುರುಳಿಗಳು ನೆಟ್ಟಗೆ ನಿಂತಿದ್ದವು. ಸುರುಳಿಗೆ ದಾರ, ದಾರದ ಪಕ್ಕ ಪೆನ್ಸಿಲಿನಲ್ಲಿ ನಂಬರು ಮತ್ತು ತಾರೀಕು.

"ಊಟಕ್ಕೆ ಕೂತ್ರೆ ಅಗುಳು ಎಣಿಸೋ ಮನುಷ್ಯ," ಎಂದ ಮೈದುನ. "ಅದಕ್ಕೇ ನಮ್ಮಕ್ಕ ಅನ್ನಾನ ಮುದ್ದೆ ಮಾಡಿ ಬಡಿಸ್ತಿದ್ಲು, ಎಣಿಸೋಕೇ ಆಗಬಾರದು ಅಂತ."

ಯಾರೋ ಕಿಸಕ್ಕೆಂದರು. ಅಕ್ಕನಿಗೂ ನಗು ಬಂತು. ಮರುಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಬೀಜದ ಉಗ್ರಾಣದ ಅಧಿಕಾರಿ ಮಾತ್ರ ನಗಲಿಲ್ಲ. ಬೆಳಿಗ್ಗೆಯೇ ಬಂದು ಕುರ್ಚಿ ಜೋಡಿಸುತ್ತಿದ್ದ ಆಕೆಗೆ ಆ ಸುರುಳಿಗಳ ಗುರುತು ಹತ್ತಿತು. ಹಳೆಯ ಭತ್ತದ ತಳಿಗಳಲ್ಲಿ ಜೀವವಿದೆಯೇ ಎಂದು ನೋಡುವುದು ಹಾಗೆಯೇ: ನೂರು ಕಾಳು ಎಣಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಹದಿನಾಲ್ಕನೆಯ ದಿನ ಬಿಚ್ಚಿ ಮೊಳಕೆ ಲೆಕ್ಕ ಮಾಡುವುದು. ತೀರಿಕೊಂಡವರು ಮೂವತ್ತು ವರ್ಷ ಮಾಡಿದ್ದು ಅದೊಂದೇ ಕೆಲಸ. ಉಗ್ರಾಣದಲ್ಲಿ ಎಲ್ಲರೂ ಅವರನ್ನು ಮೊಳಕೆ ಮಾಮ ಎನ್ನುತ್ತಿದ್ದರು. ಆದರೆ ಆ ಕೆಲಸ ನಡೆಯಬೇಕಾದದ್ದು ಉಗ್ರಾಣದ ಮೇಜಿನ ಮೇಲೆ.

"ಇದನ್ನ ನಾನು ಹಿತ್ತಲಲ್ಲಿಡ್ತೀನಿ ಅತ್ತೆ," ಎಂದು ಆಕೆ ಬಕೆಟ್ ಎತ್ತಿಕೊಂಡಳು.

ಹಿತ್ತಲಿನಲ್ಲಿ ಕುಂಡಗಳ ಸಾಲು. ಕೆಲವು ಬರಿ ಮಣ್ಣು, ಕೆಲವುಗಳಲ್ಲಿ ತೆನೆ ಬಾಗಿದ ಭತ್ತ. ಆಕೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮೊದಲ ಸುರುಳಿ ಬಿಚ್ಚಿದಳು. ನಲವತ್ತೊಂದನೆಯ ನಂಬರು. ಹತ್ತು ಸಾಲು, ಸಾಲಿಗೆ ಹತ್ತು ಕಾಳು. ಬೆರಳುದ್ದ ಹಸಿರು ಎದ್ದಿರಬೇಕಿದ್ದ ಕಡೆ ಕಪ್ಪು ಬೂಷ್ಟು. ಎರಡೇ ಎರಡು ಕಾಳು ಬಿಳಿ ಬೇರು ಬಿಟ್ಟಿದ್ದವು. ನಲವತ್ತನಾಲ್ಕರಲ್ಲಿ ಒಂದೂ ಇರಲಿಲ್ಲ. ನಲವತ್ತೇಳರಲ್ಲಿ ಒಂದೂ ಇರಲಿಲ್ಲ.

ಉಗ್ರಾಣದ ಪುಸ್ತಕದಲ್ಲಿ ಮಾಮನ ದುಂಡು ಅಕ್ಷರದಲ್ಲಿ ನಲವತ್ತೊಂದರ ಮುಂದೆ ತೊಂಬತ್ತನಾಲ್ಕು ಎಂದಿತ್ತು. ನಲವತ್ತನಾಲ್ಕರ ಮುಂದೆ ತೊಂಬತ್ತಾರು. ಅದನ್ನು ನಂಬಿ ಬೀಜ ಹಂಚಲು ಆಕೆ ಹೋದ ತಿಂಗಳು ಸಹಿ ಹಾಕಿದ್ದಳು. ಇವತ್ತು ಮಧ್ಯಾಹ್ನ ಮೂರಕ್ಕೆ ಉಳಿದ ಬೀಜದ ಡಬ್ಬಿಗಳೆಲ್ಲ ಗಾಡಿ ಹತ್ತಿ ಉಪ್ಪುನೀರು ನುಗ್ಗಿದ ಊರುಗಳಿಗೆ ಹೊರಡುವುದಿತ್ತು.

ಕುಂಡಗಳ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಂಬರುಗಳನ್ನು ಬರೆದಿತ್ತು. ಅರ್ಧದಷ್ಟಕ್ಕೆ ಗೀಟು ಎಳೆದಿತ್ತು. ಎಲ್ಲವೂ ಉಗ್ರಾಣದ ಶೀತಕೋಣೆಯ ಕೆಳಸಾಲಿನ ಡಬ್ಬಿಗಳ ನಂಬರು.

*

ಹನ್ನೊಂದು ವರ್ಷದ ಹಿಂದೆ ಆಕೆ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಬೇಸಿಗೆಯ ರಜೆ. ಒಂಬತ್ತು ದಿನ ದಿನಕ್ಕೊಮ್ಮೆ ಬಂದು ಶೀತಕೋಣೆಯ ಯಂತ್ರ ನೋಡಿ, ಉಷ್ಣತೆ ಬರೆದಿಡುವುದು ಆಕೆಯ ಪಾಳಿ. ಎರಡನೆಯ ದಿನ ಮಗುವಿಗೆ ಜ್ವರ ಏರಿತು. ಆಮೇಲೆ ಆಕೆಗೆ ಉಗ್ರಾಣದ ನೆನಪೇ ಆಗಲಿಲ್ಲ.

ಹತ್ತನೆಯ ದಿನ ಓಡಿ ಬಂದಾಗ ಮಾಮ ನೆಲಕ್ಕೆ ಚಾಪೆ ಹಾಸಿ, ಮೇಜಿನ ಫ್ಯಾನು ತಿರುಗಿಸಿ, ಕೆಳಸಾಲಿನ ಡಬ್ಬಿಗಳ ಭತ್ತವನ್ನು ಹರವಿ ಕೂತಿದ್ದರು. ಪ್ಯಾಂಟಿನ ಕಾಲು ಮೊಣಕಾಲಿನವರೆಗೆ ಮಡಿಸಿತ್ತು.

"ಮಗು ಹೇಗಿದೆ?" ಎಂದು ಕೇಳಿದರು.

"ಈಗ ಪರವಾಗಿಲ್ಲ ಮಾಮ. ಇದೇನಿದು?"

"ಯಂತ್ರ ಸ್ವಲ್ಪ ನಿಂತಿತ್ತು. ಹಿಮ ಕರಗಿ ನೀರಾಗಿದೆ ಅಷ್ಟೆ. ಒಣಗಿದ್ರೆ ಆಯ್ತು. ನೀನು ಮೊದಲು ಏನಾದ್ರೂ ತಿನ್ನು ಹೋಗು, ಮುಖ ನೋಡಕ್ಕಾಗಲ್ಲ."

ಉಷ್ಣತೆಯ ಹಾಳೆಯಲ್ಲಿ ಒಂಬತ್ತು ದಿನಕ್ಕೂ ಮಾಮನ ದುಂಡು ಅಕ್ಷರದಲ್ಲಿ ನಾಲ್ಕು, ನಾಲ್ಕು, ನಾಲ್ಕು ಎಂದು ತುಂಬಿತ್ತು. ತನ್ನ ಕೆಲಸ ಉಳಿಯಿತು ಎಂದು ಆಕೆ ಬಚ್ಚಲಿಗೆ ಹೋಗಿ ಅತ್ತಿದ್ದಳು. ಡಬ್ಬಿಯೊಳಗೆ ಏನಾಯಿತೆಂದು ಕೇಳಲಿಲ್ಲ. ಅಂದಿನಿಂದ ಕೆಳಸಾಲಿನ ಪರೀಕ್ಷೆಯನ್ನು ಮಾಮ ಬೇರೆ ಯಾರಿಗೂ ಬಿಡಲಿಲ್ಲ.

ನಾಲ್ಕು ವರ್ಷ ಆಕೆ ಹಳೆಯ ತಳಿಗಳ ಅಧ್ಯಯನ ಮಾಡಿದಳು. ಅಜ್ಜಂದಿರು ಗೊಬ್ಬರವಿಲ್ಲದೆ, ಉಪ್ಪುಮಣ್ಣಿನಲ್ಲೇ ಬೆಳೆಯುತ್ತಿದ್ದ ಭತ್ತ ಯಾವುದೆಂದು ಹುಡುಕಿ ತೆಗೆದಳು. ಪ್ರಯೋಗಕ್ಕೆ ಬೇಕಾದ ಹಿಡಿ ಹಿಡಿ ಬೀಜವನ್ನು ಮಾಮನೇ ತಂದು ಕೊಟ್ಟಿದ್ದರು. ಅವೆಲ್ಲ ದಟ್ಟವಾಗಿ ಹುಟ್ಟಿದ್ದವು. ಅವು ಡಬ್ಬಿಯ ಬೀಜವಲ್ಲ, ಅದರಲ್ಲಿ ಬದುಕುಳಿದ ಒಂದೆರಡು ಕಾಳಿನಿಂದ ಮಾಮ ಈ ಕುಂಡಗಳಲ್ಲಿ ಬೆಳೆಸಿದ್ದು ಎಂದು ಆಕೆಗೆ ಹೊಳೆದದ್ದು ಈಗ, ಈ ಕಲ್ಲಿನ ಮೇಲೆ.

ಎರಡು ತಿಂಗಳ ಹಿಂದೆ ಅವರು ಆಕೆಯ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ್ದರು:

"ಬೀಜ ಹಂಚೋದು ಇನ್ನೆರಡು ವರ್ಷ ತಡೀಬಹುದಾ ಮಗಳೇ?"

"ಅವರ ಗದ್ದೆ ಸುಟ್ಟು ಕೂತಿದೆ ಮಾಮ. ತೊಂಬತ್ತಾರು ಪರ್ಸೆಂಟ್ ಅಂತ ನೀವೇ ಬರೆದು, ನೀವೇ ತಡಿ ಅಂದ್ರೆ?"

"ಅದೂ ಸರಿ," ಎಂದು ಮಾಮ ನಿಂತೇ ಇದ್ದರು. ಆಮೇಲೆ ಕಿಟಕಿಯ ಬಿಸಿಲು ಆಕೆಯ ಕಣ್ಣಿಗೆ ಹೊಡೆಯುತ್ತಿದೆಯೆಂದು ಪರದೆ ಎಳೆದು ಹೋದರು.

*

ದೇಹ ಬಂತು. ಜನ ಒಬ್ಬೊಬ್ಬರೇ ಬಂದು ಕೈಮುಗಿದು ಗೋಡೆ ಪಕ್ಕ ನಿಂತರು. ಉಪ್ಪುನೆಲದ ರೈತನೊಬ್ಬ ಬೈಕಿನಲ್ಲಿ ಬಂದಿದ್ದ. ಹದಿನೈದು ದಿನದ ಹಿಂದೆ ಮೊಟ್ಟಮೊದಲ ಡಬ್ಬಿ, ನಲವತ್ತೊಂದನೆಯದು, ಹೋಗಿದ್ದು ಅವನಿಗೆ. ಚಪ್ಪಲಿಯನ್ನು ದೂರ ಬಿಟ್ಟು, ಬಾಗಿಲಲ್ಲೇ ನಿಂತ.

ಮಾಮನ ಹೆಂಡತಿ ಅವನನ್ನು ಗುರುತು ಹಿಡಿದರು. "ಮೊಳಕೆ ಬಂತೇನಪ್ಪಾ? ಆಸ್ಪತ್ರೇಲೂ ಅದನ್ನೇ ಕೇಳ್ತಿದ್ರು. ಫೋನ್ ಮಾಡು, ಫೋನ್ ಮಾಡು ಅಂತ."

ರೈತ ಒಂದು ಗಳಿಗೆ ಸತ್ತವರ ಮುಖ ನೋಡಿದ.

"ಬಂತಮ್ಮ. ಚೆನ್ನಾಗಿ ಬಂದಿದೆ. ಗಿಳಿ ಹಿಂಡು ಕೂತ ಹಾಗಿದೆ."

"ಕೇಳಿಸ್ತೇನ್ರೀ?" ಎಂದು ಆ ಹೆಂಗಸು ಗಂಡನ ಕಿವಿಯ ಹತ್ತಿರ ಬಾಗಿದರು. "ಬಂದಿದೆಯಂತೆ."

ಅಧಿಕಾರಿ ರೈತನ ಹಿಂದೆಯೇ ಅಂಗಳಕ್ಕೆ ಹೋದಳು.

"ನಿಜ ಹೇಳಿ."

"ಇವತ್ತು ಬೇಡ ಮೇಡಂ. ಮೊದಲು ಮಣ್ಣಾಗ್ಲಿ."

ಆಕೆಗೆ ಅಷ್ಟೇ ಸಾಕಾಯಿತು. ಗಂಟೆ ಎರಡೂವರೆ. ಉಗ್ರಾಣಕ್ಕೆ ಫೋನ್ ಹಚ್ಚಿದಳು.

"ಲೋಡ್ ಆಗ್ತಾ ಇದೆ ಮೇಡಂ, ಇನ್ನೇನು ಹೊರಡೋದೇ," ಎಂದ ಗುಮಾಸ್ತ.

"ಕೆಳಸಾಲಿನ ಡಬ್ಬಿ ಎಲ್ಲ ಇಳಿಸಿಬಿಡಿ."

"ಅಯ್ಯೋ! ದೊಡ್ಡ ಸಾಹೇಬ್ರು ಕೇಳಿದ್ರೆ?"

"ಬೀಜ ಸತ್ತಿದೆ ಅನ್ನಿ."

ಗುಮಾಸ್ತ ದನಿ ತಗ್ಗಿಸಿದ. "ಮಾಮನ ಲೆಕ್ಕ ತಪ್ಪಿತ್ತು ಅಂತ ಬರೆದುಬಿಡ್ಲಾ ಮೇಡಂ? ಪಾಪ, ಅವರಿಗೆ ಈಗ ಏನಾಗ್ಬೇಕು? ನಿಮಗೂ ತೊಂದ್ರೆ ಇರಲ್ಲ."

ಒಳಗಿನಿಂದ ಮಾಮನ ಹೆಂಡತಿ ಯಾರಿಗೋ ಹೇಳುತ್ತಿದ್ದರು: ಗಿಳಿ ಹಿಂಡು ಕೂತ ಹಾಗೆ, ನೋಡಿ.

"ಬೇಡ. ಹನ್ನೊಂದು ವರ್ಷದ ಹಿಂದೆ ಯಂತ್ರ ನಿಂತಾಗ ನನ್ನ ಪಾಳಿ ಇತ್ತು, ನಾನು ಬಂದಿರಲಿಲ್ಲ ಅಂತ ಬರೀರಿ. ನಾಳೆ ಬಂದು ಸಹಿ ಹಾಕ್ತೀನಿ."

*

ಮಣ್ಣು ಮುಗಿದ ಮೇಲೆ ಆಕೆ ರೈತನ ಬೈಕಿನ ಹಿಂದೆ ಕೂತಳು. ಊರಿನವರಿಗೆ ತಾನೇ ಹೇಳಬೇಕು ಎಂದಾಗ ಅವನು ಬೇಡವೆನ್ನಲಿಲ್ಲ. ತನ್ನ ಟವೆಲ್ಲು ಮಡಿಸಿ ಹಿಂದಿನ ಸೀಟಿಗೆ ಹಾಕಿಕೊಟ್ಟ, ಅಷ್ಟೆ. ಗಾಳಿಯಲ್ಲಿ ಉಪ್ಪಿನ ವಾಸನೆ ಬರುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು.

ಅವನ ಸಸಿಮಡಿಯಲ್ಲಿ ಬೆರಳೆತ್ತರ ನೀರು ಅಲುಗದೆ ನಿಂತಿತ್ತು. ನೀರೊಳಗೆ ಮೋಡ ಕಾಣುತ್ತಿತ್ತು. ಹಸಿರು ಎಂಬುದು ಒಂದು ಮೂಲೆಯಲ್ಲಿ ಎರಡು ಎಳೆಯಷ್ಟು.

ಅದರಾಚೆ ಊರಿನ ಉಳಿದವರ ಮಡಿಗಳು, ಒಂದರ ಪಕ್ಕ ಒಂದು, ಕಣ್ಣು ಹರಿಯುವಷ್ಟು ದೂರ. ಕಸ ತೆಗೆದು, ಕೆಸರು ಮಟ್ಟಮಾಡಿ, ನೀರು ಕಟ್ಟಿ ಸಿದ್ಧವಾಗಿದ್ದವು.

ಬೈಕಿನ ಸದ್ದಿಗೆ ದೂರದಲ್ಲಿ ಯಾರೋ ತಲೆಯೆತ್ತಿದರು. "ಬಂದ್ರು! ಬೀಜದ ಮೇಡಂ ಬಂದ್ರು!" ಎಂಬ ಕೂಗು ಬದುವಿನಿಂದ ಬದುವಿಗೆ ಹಾರಿತು. ಕೆಲಸ ಬಿಟ್ಟು, ಕೈ ತೊಳೆದು, ಒಬ್ಬರ ಹಿಂದೊಬ್ಬರಂತೆ ಜನ ಇಕ್ಕಟ್ಟಾದ ಬದುವಿನ ಮೇಲೆ ಆಕೆಯ ಕಡೆಗೆ ನಡೆದು ಬರತೊಡಗಿದರು. ಎಲ್ಲರಿಗಿಂತ ಮುಂದಿದ್ದ ಮುದುಕಿ ನಗುತ್ತಾ, ತಾನು ತಂದಿದ್ದ ಪಾತ್ರೆಯನ್ನು ಸೆರಗಿನಿಂದ ಮತ್ತೊಮ್ಮೆ ಒರೆಸಿ, ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದಳು.