ಕೊನೆಯ ಪುಟದ ಎರಡು ಸಾಲು

ಫಿಯೊರೆಂಜೊ ಹೆಂಡತಿಯ ಜೊತೆ ಮಾತು ಬಿಟ್ಟ. ಬಿಟ್ಟಿದ್ದೇನೆ ಎಂದು ತಿಳಿಸುವುದಕ್ಕೇ ಅರ್ಧ ಗಂಟೆ ಕೂಗಾಡಿದ.

“ಊರಿಗೂರೇ ಹಾಡೋ ಹಾಡನ್ನ ಕಿತ್ತು ಬಿಸಾಕ್ತೀಯಲ್ಲೇ! ನಮ್ಮಪ್ಪನ್ನ ಮಣ್ಣು ಮಾಡಿದಾಗ ಹಾಡಿದ್ದು ಅದನ್ನೇ. ನಮ್ಮ ಮದುವೇಲಿ ಹಾಡಿದ್ದೂ ಅದನ್ನೇ.”

“ಮದುವೇಲಿ ನೀನು ಕುಡಿದು ಎರಡನೇ ಚರಣ ಮರೆತಿದ್ದೆ,” ಎಂದಳು ಎರ್ಸಿಲಿಯಾ. ಅವಳು ಹಿಟ್ಟು ತೆಳ್ಳಗೆ ಲಟ್ಟಿಸಿ, ಒಳಗೆ ಕುಂಬಳಕಾಯಿ ಹೂರಣ ಇಟ್ಟು ಮಡಚುತ್ತಿದ್ದಳು.

“ಮಾತು ತಿರುಗಿಸಬೇಡ. ನಾನು ಮಾತು ಬಿಟ್ಟಾಗಿದೆ.”

“ಊಟಾನೂ ಬಿಟ್ಟಿದೀಯೋ?”

ಅದಕ್ಕೆ ಅವನು ತಟ್ಟೆ ಎಳೆದುಕೊಂಡು ಕೂತ.

ಪೋ ನದಿ ದಡದ ಸಾನ್ ಗ್ರಾತೊ ಊರಿನಲ್ಲಿ ಫಿಯೊರೆಂಜೊನ ಹಂದಿಮಾಂಸದ ಅಂಗಡಿ ಗೊತ್ತಿಲ್ಲದವರಿಲ್ಲ. ಅವನ ಗಂಟಲು ಅಂಗಡಿಗಿಂತ ಹೆಸರುವಾಸಿ. ಥಿಯೇಟರಿನಲ್ಲಿ ಗುಂಪಾಗಿ ಹಾಡುವ ಮೇಳದಲ್ಲಿ ಎಲ್ಲರಿಗಿಂತ ದಪ್ಪ ದನಿ ಅವನದು. ಮೇಳವೆಂದರೆ ಊರಿನವರೇ: ಔಷಧಿ ಅಂಗಡಿಯವನು, ಶಾಲೆಯ ಮೇಡಂ, ಟ್ರ್ಯಾಕ್ಟರ್ ರಿಪೇರಿಯವನು. ಅವರೆಲ್ಲರ ಪ್ರಾಣವೆಂದರೆ ‘ದೋಣಿಯವಳು’ ಎಂಬ ಅಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಕೊನೆಯ ಹಾಡು, ‘ನದಿಯ ತಾಯೇ’.

ಆ ಅಪೆರಾ ಬರೆದವನು ಇದೇ ಊರಿನ ಬಲ್ದಸಾರೆ ಮೊರಾಂದಿ. ಮೂರನೆಯ ಅಂಕದಲ್ಲಿ ಅಲ್ಲಲ್ಲಿ ಖಾಲಿ ಬಿಟ್ಟು, ಜ್ವರ ಬಂದು ಸತ್ತ. ಮಿಲಾನಿನಿಂದ ಅವನ ಶಿಷ್ಯ ತ್ರೆವಿಸಾನಿ ಬಂದು ಅದನ್ನು ಮುಗಿಸಿದ. ಕಥೆ ಇಷ್ಟೇ: ಸೈನ್ಯಕ್ಕೆ ಹಿಡಿದ ಊರ ಹುಡುಗರನ್ನು ದೋಣಿಯವಳು ಪೋ ನದಿ ದಾಟಿಸುತ್ತಾಳೆ, ಅವರಲ್ಲಿ ಅವಳ ತಮ್ಮನೂ ಇದ್ದಾನೆ. ಆಚೆ ದಡದಿಂದ ಬ್ಯಾಂಡು ಅವರನ್ನು ನಡೆಸಿಕೊಂಡು ಹೋಗುತ್ತದೆ. ಅಲ್ಲಿ ತ್ರೆವಿಸಾನಿ ಏನು ಮಾಡಿದ? ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕಹಳೆ ಊದಿಸಿ, ‘ನದಿಯ ತಾಯೇ’ ಎಂದು ಎತ್ತಿ ಗೆದ್ದು ಬನ್ನಿ ವೀರರೇ ಎಂದು ಮುಗಿಯುವ ಆ ಹಾಡು ಹಾಡಿಸಿದ. ಸಾಯಲು ಹೊರಟ ಹುಡುಗರಿಗೆ ಹಾರ ಹಾಕಿ ಕಳಿಸುವ ಬುದ್ಧಿ! ಮಿಲಾನಿನ ಬೆಚ್ಚನೆಯ ಕೋಣೆಯಲ್ಲಿ ಕೂತವನಿಗೆ ಇನ್ನೇನು ಹೊಳೆದೀತು? ಅವನ ತಮ್ಮನನ್ನೇನೂ ಯಾರೂ ಹಿಡಿದುಕೊಂಡು ಹೋಗಿರಲಿಲ್ಲವಲ್ಲ.

ಆ ಅಪೆರಾವನ್ನು ಅಚ್ಚಿಗೂ ರಂಗಕ್ಕೂ ಹೊಸದಾಗಿ ಸಿದ್ಧಪಡಿಸುವುದು ಎರ್ಸಿಲಿಯಾಳ ಕೆಲಸ. ಮೊರಾಂದಿ ಬರೆದದ್ದು ಯಾವುದು, ಶಿಷ್ಯ ತುರುಕಿದ್ದು ಯಾವುದು ಎಂದು ಸೋಸಬೇಕು. ಖಾಲಿ ಇದ್ದಲ್ಲಿ ಪಿಟೀಲಿಗೋ ಕೊಳಲಿಗೋ ಬೇಕಾದಷ್ಟೇ ಬರೆಯಬೇಕು. ಹಾಗೆ ತಾನು ಬರೆದದ್ದನ್ನೆಲ್ಲ ಅವಳು ಸಣ್ಣ ಅಚ್ಚಿನಲ್ಲಿ ಹಾಕಿಸುತ್ತಿದ್ದಳು. ಯಾವುದು ಯಾರದೆಂದು ನೋಡಿದವರಿಗೆ ತಿಳಿಯಬೇಕು. ವರ್ಷಗಟ್ಟಲೆ ಹಿಡಿದ ಕೆಲಸ. ಕೊನೆಯ ಪುಟ ಮಾತ್ರ ಅವಳನ್ನು ಸತಾಯಿಸಿತ್ತು. ಇಡೀ ವಾದ್ಯಮೇಳಕ್ಕೆಂದು ಗೆರೆ ಹಾಕಿದ ಅಗಲದ ಹಾಳೆ, ಅದರಲ್ಲಿ ಎರಡೇ ಸಾಲು ಸ್ವರ. ಅಂಚಿನಲ್ಲಿ, ‘ಎಲ್ಲರೂ ದಡದಲ್ಲಿ. ದೂರ, ಇನ್ನೂ ದೂರ.’ ಕರಡು ಎಂದುಕೊಂಡು ತ್ರೆವಿಸಾನಿ ಅದನ್ನು ಬದಿಗೆ ಸರಿಸಿದ್ದ. ಅವನ ಹಿಂದೆ ಬಂದ ಪಂಡಿತರೂ ಹೌದೌದು ಎಂದು ತಲೆ ಆಡಿಸಿದ್ದರು.

ಒಂದು ಬೆಳಗ್ಗೆ ಮೊರಾಂದಿಯ ಇನ್ನೊಂದು ಅಪೆರಾ ತಿರುವುತ್ತಿದ್ದಾಗ, ಮದುವೆ ದಿಬ್ಬಣದ ಪುಟದಲ್ಲಿ ಅವಳ ಕೈ ನಿಂತಿತು. ಅಲ್ಲೂ ಎರಡೇ ಸಾಲು. ಆದರೆ ಅದನ್ನು ಯಾರೂ ಅರ್ಧಂಬರ್ಧ ಎಂದಿರಲಿಲ್ಲ. ರಂಗದ ಹಿಂದೆ ಬಾರಿಸುವ ಊರ ಬ್ಯಾಂಡಿಗೆ ಆಗಿನವರು ಬರೆಯುತ್ತಿದ್ದದ್ದೇ ಅಷ್ಟು. ಯಾವ ಊರಲ್ಲಿ ಎಷ್ಟು ಕಹಳೆ ಇವೆಯೋ, ಊದುವವನಿಗೆ ಹಲ್ಲಿವೆಯೋ ಇಲ್ಲವೋ, ಬರೆಯುವವನಿಗೆ ಏನು ಗೊತ್ತು? ಆಯಾ ಊರಿನ ಬ್ಯಾಂಡ್ ಮೇಷ್ಟ್ರು ತಮ್ಮವರಿಗೆ ತಕ್ಕಂತೆ ಹಂಚಿಕೊಳ್ಳುತ್ತಿದ್ದರು.

ಅಂದರೆ ಮಧ್ಯೆ ತೂತುಗಳಿದ್ದರೂ ಕೊನೆ ಮುಗಿದೇ ಇತ್ತು. ಹಾಡಿಲ್ಲ, ಮಾತಿಲ್ಲ. ಎಲ್ಲರೂ ದಡದಲ್ಲಿ ನಿಂತಿರುತ್ತಾರೆ. ಬ್ಯಾಂಡು ದೂರ ಹೋಗುತ್ತದೆ. ಅಷ್ಟೇ.

ಇದನ್ನು ಕೇಳಿ ಥಿಯೇಟರಿನ ಮುಖ್ಯಸ್ಥ ಸೊರ್ಬೆಲ್ಲಿ ಕಾಫಿ ಬಟ್ಟಲು ಕೆಳಗಿಟ್ಟ.

“ಅಮ್ಮಾ ಮಹರಾಯ್ತಿ, ಜನ ಬರೋದೇ ಆ ಹಾಡಿಗೆ. ಗ್ಯಾಲರಿಯೋರು ಕೂಗೆಬ್ಬಿಸಿ ಓಡಿಸ್ತಾರೆ ನಮ್ಮನ್ನ.”

“ಹಾಡು ಪುಸ್ತಕದ ಹಿಂಭಾಗದಲ್ಲಿ ಇರಲಿ, ಬೇಕಾದೋರು ಹಾಡ್ಕೊಳ್ಳಲಿ. ಕೊನೇ ಪುಟ ಮಾತ್ರ ಮೊರಾಂದಿ ಬರೆದ ಹಾಗೇ ಇರಬೇಕು. ಇಲ್ಲಾಂದ್ರೆ ನನ್ನ ಹೆಸರು ತೆಗೆದುಬಿಡಿ.”

ಪುಸ್ತಕ ಅಚ್ಚು ಹಾಕಿಸುವವನೂ ಸೊರ್ಬೆಲ್ಲಿಯೇ. ಎಳೆದಾಡಿ ಎಳೆದಾಡಿ ಒಂದು ಮಾತಿಗೆ ಬಂದರು. ಮೊದಲ ಭಾನುವಾರ ಮಧ್ಯಾಹ್ನದ ಪ್ರದರ್ಶನ ಅವಳು ಹೇಳಿದಂತೆ. ಜನ ಸುಮ್ಮನಿದ್ದು ನೋಡಿದರೆ ಪುಸ್ತಕವೂ ಹಾಗೇ. ಗಲಾಟೆ ಎದ್ದರೆ ಹಾಡು ವಾಪಸ್, ರಂಗದಲ್ಲೂ, ಅಚ್ಚಿನಲ್ಲೂ.

ಮೇಳದವರು ಫಿಯೊರೆಂಜೊನ ಅಂಗಡಿಯಲ್ಲಿ ಸೇರಿ, ನಾವು ರಂಗ ಹತ್ತುವುದಿಲ್ಲ ಎಂದು ತೀರ್ಮಾನಿಸಿದರು. ಸೊರ್ಬೆಲ್ಲಿಗೂ ಮೂಗಿನ ತುದಿಯಲ್ಲೇ ಕೋಪ.

“ಬೇಡ ಬಿಡಿ. ಮಿಲಾನಿಂದ ಕರೆಸ್ತೀನಿ.”

“ಮಿಲಾನಿನೋರಾ?” ಫಿಯೊರೆಂಜೊ ಕತ್ತಿ ಕೆಳಗಿಟ್ಟ. “ನಮ್ಮ ಹೊಳೆ ದಡದಲ್ಲಿ ನಿಲ್ಲೋಕಾ? ಸುಮ್ಮನೆ ನಿಲ್ಲೋದೇ ಆದ್ರೆ ಅವರ ಅಪ್ಪನ ಹಾಗೆ ನಾವು ನಿಲ್ತೀವಿ ಕಣ್ರೀ!”

ಹೀಗೆ ಹಟಕ್ಕೆ ಬಿದ್ದು ಮೇಳ ಬಂತು.

ಬ್ಯಾಂಡ್ ಮೇಷ್ಟ್ರು ಇವಾನೊ ಊರಿನ ನಲ್ಲಿ ರಿಪೇರಿಯವನು. ಎರ್ಸಿಲಿಯಾ ಆ ಎರಡು ಸಾಲು ಕೊಟ್ಟಾಗ ಅವನು ಸಲೀಸಾಗಿ ತನ್ನವರಿಗೆ ಹಂಚಿದ.

“ದೊಡ್ಡ ಕಹಳೆ ಊದೋ ನೆಲ್ಲೊ ಇದಾನಲ್ಲಕ್ಕಾ, ನಡೀತಾ ಊದಿದ್ರೆ ಅವನಿಗೆ ಏದುಸಿರು. ಬಿಟ್ಟು ಬಿಟ್ಟು ಬರೋ ಸ್ವರ ಕೊಟ್ಟಿದೀನಿ. ಸರಿಯಾ?”

“ಸರಿ ಕಣಪ್ಪ. ಸತ್ತೋನು ಬೇಡ ಅನ್ನಲ್ಲ.”

ಪುಸ್ತಕದಲ್ಲಿ ಮಾತ್ರ ಅವಳು ಎರಡು ಸಾಲನ್ನು ಎರಡೇ ಸಾಲಾಗಿ ಬಿಟ್ಟಳು. ಬೇರೆ ಊರುಗಳಲ್ಲಿ ಬೇರೆ ನೆಲ್ಲೊಗಳು ಇರುತ್ತಾರೆ.

ತಾಲೀಮಿನ ದಿನ ಥಿಯೇಟರಿನ ಹಿಂಬಾಗಿಲು ತೆರೆದಿಟ್ಟರು. ಬ್ಯಾಂಡು ಹಿಂದಿನ ಬೀದಿಯಿಂದ ಹೊರಟು, ಚೌಕದ ಮೂಲೆ ತಿರುಗಿ, ಹೊಳೆಯ ಏರಿಯನ್ನು ದಾಟಿ ಹೋಯಿತು. ಅಷ್ಟು ಹೊತ್ತೂ ಫಿಯೊರೆಂಜೊ ಕೈಕಟ್ಟಿಕೊಂಡು, ಮುಖ ಗಂಟು ಹಾಕಿಕೊಂಡು ನಿಂತಿದ್ದ.

“ಹೇಗಿತ್ತೋ?” ಎಂದಳು ಎರ್ಸಿಲಿಯಾ ಊಟಕ್ಕೆ ಕೂತಾಗ.

“ನಾನು ಮಾತು ಬಿಟ್ಟಿದೀನಿ.” ಆಮೇಲೆ ತಟ್ಟೆಗೆ ಹೇಳುವವನಂತೆ ಹೇಳಿದ: “ಚೌಕದ ಮೂಲೇಲಿ ನೆಲ್ಲೊ ಒಂದು ಸ್ವರ ನುಂಗಿದ.”

ಚೌಕದ ಮೂಲೆಯವರೆಗೂ ಕಿವಿ ಹೋಗಿತ್ತಲ್ಲ ಇವನದು, ಎಂದುಕೊಂಡಳು.

ಭಾನುವಾರ ಥಿಯೇಟರು ತುಂಬಿತು. ಗ್ಯಾಲರಿಯಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ, ಕೆಮ್ಮು, ಪಿಸುಮಾತು. ಎಲ್ಲರೂ ಹಾಡಿಗಾಗಿ ಕಾದವರೇ. ಎರ್ಸಿಲಿಯಾ ಕೆಳಗೆ ಹಿಂದಿನ ಗೋಡೆಗೆ ಒರಗಿ ನಿಂತಳು. ಮೂರನೆಯ ಅಂಕದ ತೂತುಗಳಲ್ಲಿ ಅವಳು ಬರೆದ ಸ್ವರಗಳು ಯಾರಿಗೂ ಗೊತ್ತಾಗದಂತೆ ದಾಟಿಹೋದವು. ಅದೇ ಅವಳಿಗೆ ಬೇಕಾಗಿದ್ದುದು. ದೋಣಿ ಮರಳಿ ಬಂತು. ದೋಣಿಯವಳು ಹುಟ್ಟು ಕೆಳಗಿಟ್ಟಳು. ಊರಿನವರು ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಂತರು. ವಾದ್ಯಮೇಳ ಸುಮ್ಮನಾಯಿತು. ಹಿಂಬಾಗಿಲಿನ ಆಚೆ ಬ್ಯಾಂಡು ಹೊರಟಿತು.

ಜನ ಕಾದರು. ಹಾಡು ಬರಲಿಲ್ಲ. ಗ್ಯಾಲರಿಯಲ್ಲಿ ಬೆಂಚು ಕಿರುಗುಟ್ಟಿತು.

“ಹಾಡೆಲ್ರೋ?” ಎಂದಿತು ಒಂದು ದನಿ. “ನಾಲಿಗೆ ಮಾರ್ಕೊಂಡ್ರೇನ್ರೋ?”

ಯಾರೋ ‘ನದಿಯ ತಾಯೇ’ ಎಂದು ಎತ್ತಿಯೇಬಿಟ್ಟರು. ಇನ್ನಿಬ್ಬರು ಸೇರಿದರು, ಆಮೇಲೆ ಒಂದು ಸಾಲಿಗೆ ಸಾಲೇ. ಸೊರ್ಬೆಲ್ಲಿ ಮೇಲಿನ ತನ್ನ ಬಾಕ್ಸ್ ಸೀಟಿನಿಂದ ಬಗ್ಗಿ ಎರ್ಸಿಲಿಯಾಳನ್ನು ಹುಡುಕುತ್ತಿದ್ದ. ರಂಗದ ಮೇಲೆ ಮೇಳದವರ ಭುಜಗಳು ಮೇಲೇಳುವುದು ಅವಳಿಗೆ ಕಂಡಿತು. ಆ ರಾಗ ಕೇಳಿದರೆ ಉಸಿರು ತುಂಬಿಕೊಳ್ಳುವ ಮೈಗಳು ಅವು. ಮುಗಿಯಿತು, ಎಂದುಕೊಂಡಳು.

ಆಗ ಫಿಯೊರೆಂಜೊ ಸರಕ್ಕನೆ ತಿರುಗಿದ. ತಿರುಗಬಾರದಿತ್ತು.

“ಬಾಯ್ಮುಚ್ಚಿರೋ!” ಎಂದು ಗ್ಯಾಲರಿಯ ಕಡೆ ಗುಡುಗಿದ. “ಇನ್ನೂ ಕೇಳಿಸ್ತಾ ಇದೆ!”

ಎತ್ತಿದ ಹಾಡು ಅಲ್ಲೇ ಬಿದ್ದುಹೋಯಿತು. ಅವನು ಮತ್ತೆ ಹೊಳೆಯ ಕಡೆ ತಿರುಗಿ ನಿಂತ.

ಹೌದು, ಕೇಳಿಸುತ್ತಿತ್ತು. ಚೌಕದ ಮೂಲೆಯಲ್ಲಿ ನೆಲ್ಲೊ ಈ ಸಲ ಸ್ವರ ನುಂಗಲಿಲ್ಲ. ಆಮೇಲೆ ಡೋಲು ಮಾತ್ರ. ಆಮೇಲೆ ಡೋಲೋ ಗಾಳಿಯೋ ತಿಳಿಯದಂಥದ್ದು ಏನೋ. ಅದು ನಿಂತ ಮೇಲೂ ಜನ ಕಿವಿಗೊಟ್ಟು ಕೂತೇ ಇದ್ದರು.

ಪರದೆ ಬಿದ್ದ ಮೇಲೆ ಸೊರ್ಬೆಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೆಳಗೆ ಬಂದ. “ಅಚ್ಚಿಗೆ ಕೊಡಿ. ಆದ್ರೆ ನಿಮ್ಮ ಯಜಮಾನ್ರ ಆ ಕೂಗು ಪುಸ್ತಕದಲ್ಲಿ ಬೇಡ.”

ಮನೆಗೆ ಬಂದು ಫಿಯೊರೆಂಜೊ ತಾನೇ ನೀರು ಕುದಿಯಲು ಇಟ್ಟ.

“ನಂಗೆ ಈಗಲೂ ಇಷ್ಟ ಆಗಿಲ್ಲ,” ಎಂದ.

“ಮತ್ಯಾಕೆ ಹಾಗೆ ಕೂಗಿದೆ?”

“ಊರ ಹುಡುಗರು ಇನ್ನೂ ಏರಿ ದಾಟಿರಲಿಲ್ಲವಲ್ಲೇ,” ಎಂದು ಹೇಳಿ ಚೀಸ್ ತುರಿಯತೊಡಗಿದ.